ಕೊಡಗಿನಲ್ಲಿ ವಿದ್ಯಾರ್ಥಿ ಹೋರಾಟ ಕಟ್ಟುವುದು ಹೇಗೆ? ಒಂದು ಬಸ್ಸಿನಿಂದ ಶುರು ಮಾಡಿ

ನಾವು ಮೊದಲ ಸಲ ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ನಿಂತಾಗ ಮನವಿಯಲ್ಲಿ ಹನ್ನೊಂದು ಬೇಡಿಕೆ ಬರೆದಿದ್ದೆವು. ಹಾಸ್ಟೆಲ್ ಊಟ, ಸ್ಕಾಲರ್‌ಶಿಪ್, ಲೈಬ್ರರಿ, ಸಂಜೆ ಬಸ್ಸು, ಎಲ್ಲವೂ ಇತ್ತು. ಅಧಿಕಾರಿ ಬಂದರು, ಕಾಗದ ತೆಗೆದುಕೊಂಡರು, ಪರಿಶೀಲಿಸುತ್ತೇವೆ ಅಂದರು. ಅಷ್ಟೇ. ಹನ್ನೊಂದು ಬೇಡಿಕೆ ಹನ್ನೊಂದು ಕಚೇರಿಗೆ ಸೇರಿದ್ದು, ಹಾಗಾಗಿ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಮುಂದಿನ ಸಲ ಒಂದೇ ಸಾಲು ಬರೆದೆವು: ಸಂಜೆ ಐದೂವರೆ ನಂತರ ನಮ್ಮ ಊರಿಗೆ ಒಂದು ಬಸ್ಸು ಬೇಕು.

ಇಷ್ಟು ಚಿಕ್ಕ ವಿಷಯಕ್ಕೆ ಹೋರಾಟವಾ ಅಂತ ಕೇಳುವವರು ಇರುತ್ತಾರೆ. ಅವರಿಗೆ ಗುಜರಾತಿನ ಕಥೆ ಹೇಳಿ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಎದ್ದಿದ್ದು ಹಾಸ್ಟೆಲ್ ಮೆಸ್ ಬಿಲ್ ಜಾಸ್ತಿ ಆಯಿತು ಅಂತ. ಬೆಲೆ ಏರಿಕೆಯಿಂದ ಬೇಸತ್ತ ಜನ ಅವರ ಜೊತೆ ಸೇರಿದರು. ಅದೇ ನವನಿರ್ಮಾಣ ಚಳವಳಿ ಆಯಿತು, 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನಭಾಯಿ ಪಟೇಲ್ ರಾಜೀನಾಮೆ ಕೊಟ್ಟರು, ಮುಂದಿನ ತಿಂಗಳು ವಿಧಾನಸಭೆಯೇ ವಿಸರ್ಜನೆ ಆಯಿತು. ಆದರೆ ಅಲ್ಲಿ ಹಿಂಸೆಯೂ ಆಯಿತು, ಜನ ಸತ್ತರು. ಅದನ್ನೂ ಬಿಡದೆ ಹೇಳಿ, ಯಾಕೆಂದರೆ ನಿಮ್ಮ ಗುಂಪಿನಲ್ಲಿ ಯಾರಾದರೂ ಕಲ್ಲು ಎತ್ತಿದರೆ ಆ ಕ್ಷಣಕ್ಕೆ ಬಸ್ಸಿನ ಮಾತು ನಿಂತು ಕಲ್ಲಿನ ಮಾತು ಶುರುವಾಗುತ್ತದೆ.

ಬೇಡಿಕೆ ಆಯ್ತು ಅಂದರೆ ಮುಂದಿನ ಕೆಲಸ ಎಣಿಸುವುದು. ಇದು ಬೇಜಾರಿನ ಕೆಲಸ, ಆದರೆ ಇದಿಲ್ಲದೆ ಏನೂ ನಡೆಯುವುದಿಲ್ಲ. ಎರಡು ವಾರ ದಿನಾ ಇಬ್ಬರು ನೋಟ್‌ಬುಕ್ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ. ಎಷ್ಟು ಜನ ಪಾಸ್ ಇರುವವರು ಬಸ್ಸಿಲ್ಲದೆ ಉಳಿದರು, ಯಾವ ಊರಿನವರು, ಮನೆ ಸೇರಿದಾಗ ಗಂಟೆ ಎಷ್ಟು, ಬರೆದುಕೊಳ್ಳಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಮಕ್ಕಳನ್ನು ಮರೆಯಬೇಡಿ. ಮುಖ್ಯರಸ್ತೆಯಲ್ಲಿ ಇಳಿದ ಮೇಲೆ ಕಾಫಿ ತೋಟದ ನಡುವೆ ಮೂರು ಕಿಲೋಮೀಟರ್ ನಡೆಯಬೇಕು, ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಗೊತ್ತಿಲ್ಲ, ಅಂಥ ದಾರಿಯಲ್ಲಿ ಕತ್ತಲಾದ ಮೇಲೆ ಮಗಳನ್ನು ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ ಹೇಳಿ. ಪಿಯುಸಿ ಆದ ಮೇಲೆ ಓದು ಬಿಟ್ಟ ಹೆಣ್ಣುಮಕ್ಕಳ ಮನೆಗೆ ಹೋಗಿ ಕಾರಣ ಕೇಳಿ. ಅವರು ಒಪ್ಪಿದರೆ ಮಾತ್ರ ಬರೆಯಿರಿ, ಹೆಸರು ಹಾಕಬೇಡಿ.

ಈಗ ತೀರ್ಮಾನ ಯಾರ ಕೈಲಿದೆ ನೋಡಿ. ಕೆಎಸ್‌ಆರ್‌ಟಿಸಿ ಮಡಿಕೇರಿ ಡಿಪೋ ಪುತ್ತೂರು ವಿಭಾಗಕ್ಕೆ ಸೇರಿದ್ದು. ಡಿಪೋ ಮುಂದೆ ಮಾತ್ರ ಕೂಗಿದರೆ ಪುತ್ತೂರಿಗೆ ಕೇಳಿಸುವುದಿಲ್ಲ, ಅಲ್ವಾ? ಮನವಿಯ ಒಂದು ಪ್ರತಿ ಅಲ್ಲಿನ ವಿಭಾಗೀಯ ನಿಯಂತ್ರಣಾಧಿಕಾರಿಗೆ ಹೋಗಲಿ. ಖಾಸಗಿ ಬಸ್ಸಾದರೆ ಪರ್ಮಿಟ್ ಕೊಡುವುದು ಡಿಸಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸೀಲ್ ಹಾಕಿಸಿಕೊಳ್ಳಿ. ಜೊತೆಗೆ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ: ಹೋದ ವರ್ಷ ನಮ್ಮ ದಾರಿಯ ಸಂಜೆ ಟ್ರಿಪ್ ಎಷ್ಟು ದಿನ ರದ್ದಾಯಿತು? ಫೀಸು 10 ರೂಪಾಯಿ, ಅರ್ಜಿ 150 ಪದ ದಾಟಬಾರದು, 30 ದಿನದಲ್ಲಿ ಉತ್ತರ ಬರಬೇಕು.

ಉತ್ತರ ಬರಲಿಲ್ಲವಾ, ಆಗ ಧರಣಿ. ಜೂನ್‌ನಿಂದ ಆಗಸ್ಟ್ ಬೇಡ, ಆ ಮಳೆಯಲ್ಲಿ ರಜೆಯೇ ಜಾಸ್ತಿ, ಬ್ಯಾನರ್ ಕೂಡ ನಿಲ್ಲುವುದಿಲ್ಲ. ದಸರಾ ಸಮಯದಲ್ಲಿ ಪೊಲೀಸರಿಗೆ ಪುರುಸೊತ್ತು ಇರುವುದಿಲ್ಲ. ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ, ಆದರೂ ಠಾಣೆಗೆ ನಾಲ್ಕು ದಿನ ಮೊದಲೇ ಜಾಗ, ಸಮಯ, ಜನ, ಮೈಕ್ ಎಲ್ಲ ಬರೆದು ಅನುಮತಿ ಕೇಳಿ. ನಿಷೇಧಾಜ್ಞೆ ಇದೆಯಾ ಅಂತಲೂ ವಿಚಾರಿಸಿ. ಆಂಬುಲೆನ್ಸ್‌ಗೆ ದಾರಿ ಬಿಡುವುದಕ್ಕೇ ನಾಲ್ಕು ಜನ ಇರಲಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಹೋರಾಟ ಒಡೆಯಲು ಒಂದೇ ಪ್ರಶ್ನೆ ಸಾಕು: ಇದು ಯಾವ ಜನಾಂಗದವರದ್ದು? ಆ ಪ್ರಶ್ನೆ ಬರುವ ಮೊದಲೇ ಉತ್ತರ ವೇದಿಕೆ ಮೇಲೆ ಇರಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಎರವ, ಮನೆಯಲ್ಲಿ ಯಾವ ಭಾಷೆ ಆಡುವವರೇ ಆಗಲಿ, ಮೈಕ್ ಎಲ್ಲರ ಕೈಗೂ ಹೋಗಲಿ. ಪಕ್ಷದವರು ಬೆಂಬಲಕ್ಕೆ ಬಂದರೆ ಕೂರಿಸಿ, ಬಾವುಟ ಬೇಡ ಅನ್ನಿ.

ರಾಜಕೀಯ ಬದಲಾಗುವುದು ಧರಣಿ ಮುಗಿದ ಮೇಲೆ. ಕೊಡಗಿಗೆ ಇರುವುದು ಎರಡೇ ವಿಧಾನಸಭಾ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. 18 ತುಂಬಿದ ಎಲ್ಲರಿಂದ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂ 6 ತುಂಬಿಸಿ. 17 ದಾಟಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಅರ್ಹತಾ ದಿನಗಳು, ಅಂದರೆ ಆ ದಿನಕ್ಕೆ 18 ತುಂಬಿರಬೇಕು. ಆಮೇಲೆ ಶಾಸಕರ ಹತ್ತಿರ ಹೀಗೆ ಅರ್ಜಿ ಹಾಕಿದವರ ಪಟ್ಟಿ, ನೋಟ್‌ಬುಕ್, ಆರ್‌ಟಿಐ ಉತ್ತರ ಮೂರನ್ನೂ ಹಿಡಿದು ಹೋಗಿ, ಅಧಿವೇಶನದಲ್ಲಿ ಇದನ್ನು ಕೇಳುತ್ತೀರಾ ಅಂತ ನೇರವಾಗಿ ಕೇಳಿ. ಚುನಾವಣೆ ಬಂದಾಗ ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ.

ಬಸ್ಸು ಬಂದ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ರಜೆಯಲ್ಲಿ ಜನ ಇಲ್ಲ ಅಂತ ನಿಲ್ಲಿಸಿದ ಟ್ರಿಪ್ ತಾನಾಗಿ ವಾಪಸ್ ಬರುತ್ತದೆ ಅಂತ ನಂಬಬೇಡಿ. ಕಾಲೇಜು ಮತ್ತೆ ಶುರುವಾಗುವ ದಿನ ಸಂಜೆ ಐದೂವರೆಗೆ ಜೂನಿಯರ್‌ಗಳು ಇಬ್ಬರು ಸ್ಟ್ಯಾಂಡಿನಲ್ಲಿ ನಿಂತಿರಲಿ.