ಅಂತರಗಂಗೆಯಿಂದ ಹೊಲಕ್ಕೆ ಇದ್ದಿಲು: ಬಯೋಚಾರ್ ತಯಾರಿಸುವ ಬಗೆ

ಕೆರೆಯಿಂದ ಎತ್ತಿದ ಅಂತರಗಂಗೆಯನ್ನು, ಅಂದರೆ ನೀರಿನ ಮೇಲೆ ತೇಲುವ ವಾಟರ್ ಹಯಸಿಂತ್ ಕಳೆಯನ್ನು, ಏರಿಯ ಮೇಲೆ ರಾಶಿ ಹಾಕಿ ಬಿಟ್ಟರೆ, ಅದು ಮಳೆಗೆ ಕೊಳೆತು, ಹೀರಿಕೊಂಡಿದ್ದ ಸಾರಜನಕ, ರಂಜಕಗಳು ಮತ್ತೆ ಅದೇ ನೀರಿಗೆ ಇಳಿಯುತ್ತವೆ. ಕೆರೆಯಲ್ಲಿ ಉಳಿದ ಗಿಡಗಳು ಅದನ್ನೇ ಉಂಡು, ಹದವಾದ ಬಿಸಿಲಿದ್ದರೆ ಎರಡೇ ವಾರಗಳಲ್ಲಿ ಇಮ್ಮಡಿಯಾಗಬಲ್ಲವು. ಈ ಸುತ್ತನ್ನು ಮುರಿಯುವ ಒಂದು ದಾರಿಯೆಂದರೆ ಗಿಡವನ್ನು ಇದ್ದಿಲಾಗಿಸಿ, ಅಂದರೆ ಬಯೋಚಾರ್ ಮಾಡಿ, ಹೊಲದ ಮಣ್ಣಿಗೆ ಸೇರಿಸುವುದು. ಈ ಕಳೆಯ ತವರಾದ ಅಮೆಜಾನ್ ಸೀಮೆಯಲ್ಲಿಯೇ ಮೂಲನಿವಾಸಿಗಳು ಶತಶತಮಾನಗಳ ಹಿಂದೆ ಇದ್ದಿಲು ಬೆರೆತ ಕಪ್ಪು ಮಣ್ಣನ್ನು ರೂಪಿಸಿದ್ದರು. ‘ಟೆರಾ ಪ್ರೇಟಾ’ ಎಂದು ಕರೆಯುವ ಆ ಮಣ್ಣು ಇಂದಿಗೂ ಫಲವತ್ತಾಗಿಯೇ ಇದೆ.

ಮೊದಲ ಹೆಜ್ಜೆ ಕೆರೆಯ ಆಯ್ಕೆ, ಇದರಲ್ಲಿ ರಾಜಿ ಬೇಡ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಂತೆ ದಶಕಗಳ ಕಾಲ ಕೊಳಚೆ ನೀರು ಹರಿದ ಕೆರೆಗಳಲ್ಲಿ ಬೆಳೆದ ಗಿಡ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳನ್ನು ಮುಖ್ಯವಾಗಿ ಬೇರಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಸುಟ್ಟಾಗ ಗಿಡದ ತೂಕ ಕರಗುತ್ತದೆಯೇ ಹೊರತು ಈ ಲೋಹಗಳ ಬಹುಪಾಲು ಇದ್ದಿಲಿನಲ್ಲಿಯೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಅಂಥ ಇದ್ದಿಲನ್ನು ಉಣ್ಣುವ ಬೆಳೆಗೆ ಹಾಕಲೇಬಾರದು. ಊರ ಕೆರೆಯಾದರೂ ಬೇರನ್ನು ಕತ್ತರಿಸಿ ತೆಗೆದು, ಎಲೆ ಮತ್ತು ದೇಟನ್ನಷ್ಟೇ ಬಳಸುವುದು ಕ್ಷೇಮ. ಗ್ರಾಮ ಪಂಚಾಯಿತಿಯ ಅನುಮತಿ ಪಡೆದು, ಗಿಡ ಹೂ ಬಿಡುವ ಮೊದಲೇ ಎಳೆದು ಹಾಕಿ.

ಇನ್ನು ಒಣಗಿಸುವುದು. ನಿಜ ಹೇಳಬೇಕೆಂದರೆ ಶ್ರಮವೆಲ್ಲ ಇರುವುದು ಇಲ್ಲಿಯೇ. ಉಬ್ಬಿದ ದೇಟನ್ನು ಸೀಳಿ ನೋಡಿದರೆ ಒಳಗೆ ಬೆಂಡಿನಂತೆ ಸಣ್ಣ ಸಣ್ಣ ಗೂಡುಗಳು, ಹಿಂಡಿದರೆ ಕೈತುಂಬ ನೀರು. ಗಿಡದ ತೂಕದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ನೀರೇ ಆಗಿರುವುದರಿಂದ, 100 ಕೆ.ಜಿ. ಹಸಿ ಗಿಡ ಒಣಗಿದಾಗ 6ರಿಂದ 8 ಕೆ.ಜಿ. ಉಳಿದೀತು, ಅದರಿಂದ ಸಿಗುವ ಇದ್ದಿಲು ಸುಮಾರು 2 ಕೆ.ಜಿ. ಮಾತ್ರ. ಆದ್ದರಿಂದ ಗಿಡವನ್ನು ದಡದಲ್ಲಿಯೇ ನೀರು ಬಸಿಯಲು ಬಿಟ್ಟು, ಗೇಣುದ್ದಕ್ಕೆ ಕತ್ತರಿಸಿ, ಕಣದಲ್ಲಿ ತೆಳುವಾಗಿ ಹರಡಿ ದಿನಕ್ಕೆರಡು ಬಾರಿ ತಿರುವಬೇಕು. ದೇಟು ಬಾಗದೆ ‘ಪಟ್’ ಎಂದು ಮುರಿದರೆ ಹದ ಬಂದಿದೆ ಎಂದು ತಿಳಿಯಿರಿ.

ಸುಡುವುದಕ್ಕೆ ಯಂತ್ರವೇನೂ ಬೇಡ. ಬಾಯಿ 4 ಅಡಿ, ತಳ 2 ಅಡಿ ಅಗಲವಿದ್ದು, ಎರಡೂವರೆ ಅಡಿ ಆಳವಿರುವ ಇಳಿಜಾರು ಗುಂಡಿ ಸಾಕು. ಒಣಗಿದ ಅಂತರಗಂಗೆ ಬಲು ಹಗುರ, ಒಂಟಿಯಾಗಿ ಸುಟ್ಟರೆ ಭಗ್ಗನೆ ಉರಿದು ಬೂದಿಯಾಗಿಬಿಡುತ್ತದೆ. ಹೀಗಾಗಿ ತೊಗರಿ ಕಟ್ಟಿಗೆ ಅಥವಾ ಹತ್ತಿ ಕಟ್ಟಿಗೆಯನ್ನು ಸಮಪಾಲು ಬೆರೆಸಿಕೊಳ್ಳಬೇಕು. ತಳದಲ್ಲಿ ಒಂದು ಪದರ ಹಾಕಿ ಮೇಲಿನಿಂದ ಬೆಂಕಿ ಹಚ್ಚಿ. ಕೆಂಡದ ಅಂಚಿನಲ್ಲಿ ಬಿಳಿ ಬೂದಿ ಕಾಣಿಸಿಕೊಂಡ ಕೂಡಲೇ ಮುಂದಿನ ಪದರ ಹಾಕಬೇಕು, ಏಕೆಂದರೆ ಮೇಲಿನ ಜ್ವಾಲೆ ಆಮ್ಲಜನಕವನ್ನೆಲ್ಲ ತಾನೇ ಬಳಸಿಕೊಳ್ಳುವವರೆಗೆ ಮಾತ್ರ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ದಟ್ಟ ಹೊಗೆ ಎದ್ದರೆ ಒಮ್ಮೆಗೇ ಹೆಚ್ಚು ಹಾಕಿದ್ದೀರಿ, ಇಲ್ಲವೇ ಹಸಿಯಿದೆ ಎಂದರ್ಥ. ಗುಂಡಿ ತುಂಬಿದ ಮೇಲೆ ಗಾಳಿ ಬೆನ್ನಿಗೆ ಬರುವಂತೆ ನಿಂತು, ಹಬೆ ತಾಗದಂತೆ ದೂರದಿಂದ ಸಾಕಷ್ಟು ನೀರು ಸುರಿದು ಆರಿಸಿ. ಮರುದಿನ ಕೆದಕಿ ನೋಡಿ, ಒಳಗೆ ಒಂದು ಕಿಡಿ ಉಳಿದರೂ ಇಡೀ ರಾಶಿ ಬೂದಿಯಾದೀತು.

ತಣಿದ ಇದ್ದಿಲನ್ನು ಬೆರಳಲ್ಲಿ ಉಜ್ಜಿ. ಕಪ್ಪು ಬರಿಯ ನೀರಿಗೇ ಹೋದರೆ ಚೆನ್ನಾಗಿ ಬೆಂದಿದೆ. ಜಿಡ್ಡು ಉಳಿದು ಸೋಪು ಬೇಕಾದರೆ ಡಾಂಬರಿನ ಅಂಶ ಉಳಿದಿದೆ, ಅದನ್ನು ಮುಂದಿನ ಸುಡುವಿಕೆಗೆ ಸೇರಿಸಿ.

ಇದ್ದಿಲನ್ನು ಮಾಗಿಸದೆ ನೇರವಾಗಿ ಹೊಲಕ್ಕೆ ಹಾಕುವುದು ಹಲವರು ಮಾಡುವ ತಪ್ಪು. ಅದು ಮಣ್ಣಿನ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಂಡು ಬೆಳೆಯನ್ನು ಹಳದಿಯಾಗಿಸಬಹುದು. ಸಮಪಾಲು ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ, ಸಗಣಿ ರಾಡಿ ಚಿಮುಕಿಸಿ, ಎರಡು ವಾರ ನೆರಳಿನಲ್ಲಿ ಮಾಗಿಸಿ. ಪೊಟ್ಯಾಷ್ ಹೆಚ್ಚಿರುವ ಈ ಇದ್ದಿಲು ಕ್ಷಾರೀಯವಾದ್ದರಿಂದ ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಒಳ್ಳೆಯ ಜೋಡಿ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಗೆ ಮಾತ್ರ ಇದು ಒಗ್ಗದು. ಎಲ್ಲಿಯೇ ಆದರೂ ಮಣ್ಣು ಪರೀಕ್ಷೆ ಮಾಡಿಸಿ, ಮೊದಲು ಒಂದೆರಡು ಸಾಲಿಗೆ ಹಾಕಿ ನೋಡಿ.

ಕೆಲಸ ಮುಗಿಯಿತೆಂದು ಗುಂಡಿಯನ್ನು ಮುಚ್ಚಬೇಡಿ, ಅದು ಮತ್ತೆ ಬೇಕಾಗುತ್ತದೆ. ಅಂತರಗಂಗೆಯ ಬೀಜ ಕೆರೆಯ ಕೆಸರಿನಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದು, ನೀರು ತಗ್ಗಿದಾಗಲೆಲ್ಲ ಅಂಚಿನಲ್ಲಿ ಹೊಸ ಸಸಿಗಳು ಏಳುತ್ತಲೇ ಇರುತ್ತವೆ.