ಓಟಕ್ಕೂ ಮುಂಚಿನ ಕಾಯುವಿಕೆ

ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಶಾಲಾ ಕ್ರೀಡಾಕೂಟದ ಮಟ್ಟ ಏರಿದಷ್ಟೂ ಮಕ್ಕಳ ಮಾತು ಕಮ್ಮಿ ಆಗುತ್ತೆ. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಪಿಟಿ ಮೇಷ್ಟ್ರು. ನೂರು ಮೀಟರ್ ಓಟ ಕಣ್ಮುಚ್ಚಿ ಬಿಡೋದರಲ್ಲಿ ಮುಗಿದುಹೋಗುತ್ತೆ. ಮಕ್ಕಳನ್ನು ಹೈರಾಣ ಮಾಡೋದು ಅದಕ್ಕೂ ಮುಂಚಿನ ಕಾಯುವಿಕೆ. ಒಂಬತ್ತಕ್ಕೆ ಅಂದ ಹೀಟ್ಸ್ (ಮೊದಲ ಸುತ್ತಿನ ಓಟಗಳು) ಹನ್ನೊಂದಾದರೂ ಶುರುವಾಗಿರಲ್ಲ. ಅಷ್ಟರಲ್ಲಿ ಕೈ ತಣ್ಣಗೆ, ಮೇಲಿಂದ ಮೇಲೆ ಆಕಳಿಕೆ, "ಸಾರ್, ಹೊಟ್ಟೆ ನೋವು" ಅನ್ನೋದು.

"ಟೆನ್ಷನ್ ತಗೋಬೇಡ" ಅನ್ನೋದನ್ನ ನಾನು ಬಿಟ್ಟೇಬಿಟ್ಟಿದ್ದೀನಿ. ಅದರಿಂದ ಯಾರ ಟೆನ್ಷನ್ನೂ ಹೋಗಿದ್ದು ಕಂಡಿಲ್ಲ. "ಎದೆ ಹೊಡ್ಕೊಳ್ತಿದ್ಯಾ? ಸರಿ, ಕಾಲಿಗೆ ರಕ್ತ ಕಳಿಸ್ತಾ ಇದೆ, ಬಿಡು" ಅಂತೀನಿ. ಆಮೇಲೆ ಕೈಗೊಂದು ಕೆಲಸ. ಸ್ಪೈಕ್ಸ್ ಪಿನ್ನು ಬಿಗಿ ಮಾಡು, ಚಿಕ್ಕವನ ಚೆಸ್ಟ್ ನಂಬರ್ ಹಾಕಿಕೊಡು, ಒಂದು ಬಾಳೆಹಣ್ಣು ತಿನ್ನು. ಕೊನೆಗೆ ಉಸಿರು: ನಾಲ್ಕು ಎಣಿಸೋವರೆಗೆ ಒಳಕ್ಕೆ, ಆರು ಎಣಿಸೋವರೆಗೆ ಹೊರಕ್ಕೆ. ಉಸಿರು ನಿಧಾನಕ್ಕೆ ಹೊರಗೆ ಬಿಟ್ಟಷ್ಟು ಹೊತ್ತು ಹೃದಯದ ಬಡಿತ ಇಳಿಯುತ್ತೆ. ಆದರೆ ಇದನ್ನ ಸ್ಪರ್ಧೆಯ ದಿನ ಹೇಳಿಕೊಟ್ಟರೆ ಪ್ರಯೋಜನವಿಲ್ಲ, ದಿನಾ ಪ್ರಾಕ್ಟೀಸ್ ಮುಗಿದ ಮೇಲೆ ಮಾಡಿಸಿರಬೇಕು.

ಇನ್ನೊಂದು ಭಯ ಫೌಲ್ ಸ್ಟಾರ್ಟ್‌ದು. 2010ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಸಲ ಮುಂಚೆ ಹೊರಟರೆ ಔಟ್. 2011ರಲ್ಲಿ ಡೇಗು ವಿಶ್ವ ಚಾಂಪಿಯನ್‌ಷಿಪ್‌ನ ನೂರು ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಹೀಗೇ ಹೊರಬಿದ್ದ. ಅದೇ ಕೂಟದಲ್ಲಿ ಇನ್ನೂರು ಮೀಟರ್ ಚಿನ್ನ ಗೆದ್ದ. ಮೊಬೈಲಲ್ಲಿ ಎರಡೂ ಓಟ ತೋರಿಸ್ತೀನಿ. ನಮ್ಮ ಮೈದಾನದಲ್ಲಿ ಹೊರಡೋವಾಗ ಕಾಲು ಒತ್ತೋ ಬ್ಲಾಕ್ ಇಲ್ಲ, ಗನ್ ಇಲ್ಲ. ಮರದ ಕ್ಲ್ಯಾಪರ್ ಒಂದಿದೆ. "ಸೆಟ್" ಅಂದು ಒಮ್ಮೆ ತಕ್ಷಣ ಬಡೀತೀನಿ, ಒಮ್ಮೆ ತಡ ಮಾಡ್ತೀನಿ, ಒಮ್ಮೆ ಬಡಿಯೋದೇ ಇಲ್ಲ. ಪಕ್ಕದಲ್ಲಿ ಕಬಡ್ಡಿ ಹುಡುಗರು ಬೇಕಂತಲೇ ಕಿರುಚಾಡಬೇಕು (ಈ ಕೆಲಸಕ್ಕೆ ಮಾತ್ರ ಅವರನ್ನ ಎರಡು ಸಲ ಕರೀಬೇಕಾಗಿಲ್ಲ). ಹೀಗೆ ಪಳಗಿದವರು ಜಿಲ್ಲಾ ಕ್ರೀಡಾಂಗಣದ ಗದ್ದಲಕ್ಕೆ ಅಷ್ಟಾಗಿ ಬೆಚ್ಚಲ್ಲ.

ಅಪ್ಪ ಅಮ್ಮಂದಿರನ್ನ ಪಳಗಿಸೋದು ಇದಕ್ಕಿಂತ ಕಷ್ಟ. ಕ್ರೀಡಾ ಹಾಸ್ಟೆಲ್ ಸೀಟು, ಮುಂದೆ ಸ್ಪೋರ್ಟ್ಸ್ ಕೋಟಾ ಅಂತ ಅವರಿಗೂ ಆಸೆ ಇರುತ್ತೆ, ತಪ್ಪಲ್ಲ. ನಾನು ಕೇಳಿಕೊಳ್ಳೋದು ಇಷ್ಟೇ: ಫೋನ್ ಮಾಡಿದಾಗ "ಗೆದ್ಯಾ?" ಅನ್ನೋಕೆ ಮುಂಚೆ "ಊಟ ಆಯ್ತಾ?" ಅನ್ನಿ. ಒಬ್ಬ ತಂದೆ, "ಸೋತ್ ಬಂದೋನ್ಗೆ ಏನ್ ಊಟ ಸಾರ್" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಮಗನ ಮುಂದೆ ಇದನ್ನ ಅನ್ನಬೇಡಿ ಅಂದೆ. ಬಸ್ಸಲ್ಲಿ ವಾಪಸ್ ಬರುವಾಗ ಫಲಿತಾಂಶದ ಮಾತು ನಾನೂ ಎತ್ತಲ್ಲ, ಮಾರನೇ ದಿನ ಮೈದಾನದಲ್ಲಿ ಮಾತಾಡ್ತೀವಿ.

"ಇವತ್ತು ಆಗಲ್ಲ ಸಾರ್" ಅಂದ ಮಗುವನ್ನ ತಳ್ಳಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್‌ನ ಮಧ್ಯದಲ್ಲೇ ಹಿಂದೆ ಸರಿದಳು, ಅದೇ ಕೂಟದಲ್ಲಿ ಬೀಮ್‌ನಲ್ಲಿ ಕಂಚು ಗೆದ್ದಳು. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನೋ ಮಾತು ಬರ್ತಿದೆ ಅಂದರೆ ಅದು ಪಿಟಿ ಮೇಷ್ಟ್ರ ಕೈಯಲ್ಲಿ ಇಟ್ಕೊಳ್ಳೋ ವಿಷಯ ಅಲ್ಲ. ಮನೆಯವರನ್ನ ಕೂರಿಸಿಕೊಂಡು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡ್ತೀನಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರನ್ನ ಕ್ರೀಡಾ ಕೊಠಡಿಯ ಬಾಗಿಲಿನ ಒಳಮೈಗೆ ಬರೆಸಿದ್ದೀನಿ. ಹೊರಗೆ ಬರೆದರೆ ಓದೋಕೆ ಮಕ್ಕಳು ನಾಚಿಕೊಳ್ತಾರೆ.