ಕೋಸಂಬರಿಯ ಜೊತೆಗೆ ಯಾವ ವೈನ್?

ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಹಳೆಯ ಸೂತ್ರ ನಮ್ಮ ವಸಂತದ ಅಡುಗೆಗೆ ಕೆಲಸಕ್ಕೆ ಬರುವುದಿಲ್ಲ. ಮಾವಿನಕಾಯಿ, ಸೌತೆಕಾಯಿ, ಎಳೆ ಹಲಸು, ನಿಂಬೆ ಇರುವಲ್ಲಿ ನೋಡಬೇಕಾದದ್ದು ಹುಳಿ, ಖಾರ, ಸಿಹಿಗಳನ್ನು. ಹಬ್ಬದ ಎಲೆಯ ಮುಂದೆ ವೈನ್ ಇಡುವ ರೂಢಿ ನಮ್ಮಲ್ಲಿಲ್ಲ, ಇಡಿ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಯುಗಾದಿ ಕಳೆದ ಮೇಲೂ ಈ ಅಡುಗೆಗಳು ತಿಂಗಳುಗಟ್ಟಲೆ ಆಗುತ್ತಿರುತ್ತವೆ. ವೈನ್ ಕುಡಿಯುವ ಅಭ್ಯಾಸವಿರುವವರು ಯಾವುದಾದರೂ ಭಾನುವಾರ ಮಾಡಿ ನೋಡಬಹುದು.

ಮೊದಲು ನಾಲಿಗೆಗೆ ಒಂದು ಪಾಠ. ಬಿಳಿ ವೈನನ್ನು ಒಂದು ಗುಟುಕು ಕುಡಿಯಿರಿ. ಉಪ್ಪು ಸವರಿದ ನಿಂಬೆ ಹೋಳನ್ನು ನೆಕ್ಕಿ ಮತ್ತೆ ಕುಡಿಯಿರಿ. ಅದೇ ವೈನ್ ಈಗ ಮೆತ್ತಗಾಗಿ, ಹಣ್ಣಿನ ರುಚಿ ಮುಂದೆ ಬಂದಿರುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ, ಬೆಲ್ಲದ ಚೂರೊಂದನ್ನು ಚಪ್ಪರಿಸಿ ಮೂರನೆಯ ಗುಟುಕು ತೆಗೆದುಕೊಳ್ಳಿ. ಈ ಸಲ ಮುಖ ಕಿವುಚುವಷ್ಟು ಹುಳಿ! ಆದ್ದರಿಂದ ಹುಳಿ ಅಡುಗೆಗೆ ಅಷ್ಟೇ ಹುಳಿಯ ವೈನ್ ಬೇಕು, ಇಲ್ಲವಾದರೆ ವೈನ್ ಸಪ್ಪೆಯಾಗುತ್ತದೆ. ಸಿಹಿ ತಿನಿಸಿಗಾದರೆ ತಿನಿಸಿಗಿಂತ ವೈನೇ ಹೆಚ್ಚು ಸಿಹಿಯಾಗಿರಬೇಕು.

ಈಗ ಕೋಸಂಬರಿ. ನೆನೆದ ಹೆಸರುಬೇಳೆ, ಸೌತೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕಡೆಗೆ ನಿಂಬೆರಸ. ಇದಕ್ಕೆ ಸೋವಿನ್ಯೋ ಬ್ಲಾಂ (ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್) ಬಿಟ್ಟು ಬೇರೆ ಹುಡುಕಬೇಡಿ. ಗ್ಲಾಸಿಗೆ ಮೂಗು ಹಿಡಿದರೆ ಆಗತಾನೆ ಕೊಯ್ದ ಹುಲ್ಲಿನ ಮತ್ತು ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ. ಅದು ಕಲ್ಪನೆಯಲ್ಲ: ದೊಣ್ಣೆಮೆಣಸಿನಕಾಯಿಗೆ ಆ ಹಸಿ ವಾಸನೆ ಕೊಡುವ ಪೈರಜೀನ್ ಎಂಬ ವಸ್ತುವೇ ಈ ದ್ರಾಕ್ಷಿಯಲ್ಲೂ ಇದೆ. ನಂದಿ ಬೆಟ್ಟದ ತಪ್ಪಲಿನ ತೋಟಗಳದ್ದೂ ನಾಸಿಕದ್ದೂ ಅಂಗಡಿಯಲ್ಲಿ ಸಿಗುತ್ತವೆ. ಕೋಸಂಬರಿಗೆ ಉಪ್ಪು, ನಿಂಬೆ ಹಾಕುವುದನ್ನು ಬಡಿಸುವ ಹೊತ್ತಿಗೆ ಇಟ್ಟುಕೊಳ್ಳಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ಸಪ್ಪೆಯಾಗುತ್ತದೆ.

ಮಾವಿನಕಾಯಿ ಚಿತ್ರಾನ್ನದಲ್ಲಿ ಹುಳಿಯ ಜೊತೆಗೆ ಖಾರವೂ ಸೇರುವುದರಿಂದ ಲೆಕ್ಕ ಬದಲಾಗುತ್ತದೆ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ತುಸು ಸಿಹಿ ಅದನ್ನು ತಣಿಸುತ್ತದೆ. ಹಾಗಾಗಿ ಸಣ್ಣಗೆ ಸಿಹಿ ಉಳಿದಿರುವ ಶೆನಿನ್ ಬ್ಲಾಂ ಎಂಬ ಬಿಳಿ ವೈನ್ ಆರಿಸಿ. ಬಾಟಲಿಯ ಮೇಲೆ ಆಲ್ಕೋಹಾಲ್ ಪ್ರಮಾಣ ನೋಡಿ; ಎರಡರಲ್ಲಿ ಒಂದು ಎಂದಾದರೆ ಕಡಿಮೆ ಇರುವುದನ್ನೇ ತೆಗೆದುಕೊಳ್ಳಿ.

ತೆಂಗಿನಕಾಯಿ, ಸಾಸಿವೆ ಅರೆದು ಹಾಕಿದ ಎಳೆ ಹಲಸಿನ ಪಲ್ಯಕ್ಕೆ ಸಿಹಿಯಿಲ್ಲದ (‘ಡ್ರೈ’) ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್, ಸಾಕು. ಯುಗಾದಿಯ ಮರುದಿನದ ವರ್ಷತೊಡಕಿನ ಮಟನ್ ಸಾರಿಗೆ ಮಾತ್ರ ಶಿರಾಜ್‌ನಂತಹ ಕೆಂಪು ವೈನ್ ಹೊಂದುತ್ತದೆ. ಅದರ ಒಗರನ್ನು ಮಾಂಸ ತಡೆದುಕೊಳ್ಳುತ್ತದೆ, ಕೋಸಂಬರಿ ತಡೆಯಲಾರದು.

ಒಬ್ಬಟ್ಟಿಗೆ ಬೆಲ್ಲದ ಪಾಠ ನೆನಪಿರಲಿ. ‘ಲೇಟ್ ಹಾರ್ವೆಸ್ಟ್’ ಎಂದು ಬರೆದಿರುವ ಬಾಟಲಿ ಹುಡುಕಿ. ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು, ಸಕ್ಕರೆ ಏರಿದ ಮೇಲೆ ಕೊಯ್ದು ಮಾಡಿದ ವೈನ್ ಅದು. ಬೇವು-ಬೆಲ್ಲಕ್ಕೆ ಯಾವ ವೈನೂ ಕೂಡುವುದಿಲ್ಲ. ನಾನು ಪ್ರಯತ್ನಿಸಿ ಸೋತಿದ್ದೇನೆ.

ಕಡೆಯ ಕೆಲಸ ತಂಪು ಮಾಡುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಿಳಿಗೆ 8ರಿಂದ 10 ಡಿಗ್ರಿ, ರೋಸೆಗೆ 10ರಿಂದ 12 ಸಾಕು. ಫ್ರಿಜ್‌ನಲ್ಲಿ ಎರಡು ಮೂರು ತಾಸು ಇಡಿ. ಅತಿಥಿಗಳು ಬಾಗಿಲಿಗೇ ಬಂದುಬಿಟ್ಟರೆ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ. ಸುಮಾರು 20 ನಿಮಿಷ ಸಾಕು. ಬರೀ ಐಸ್ ಬೇಡ, ತುಂಡುಗಳ ನಡುವೆ ಗಾಳಿ ನಿಂತು ತಂಪು ತಡವಾಗಿ ಹತ್ತುತ್ತದೆ. ಕೆಂಪು ವೈನನ್ನೂ ಬಡಿಸುವ ಮುಂಚೆ ಕಾಲು ಗಂಟೆ ಫ್ರಿಜ್‌ನಲ್ಲಿಡಿ. ‘ಕೋಣೆಯ ಉಷ್ಣತೆ’ ಎಂಬ ಮಾತು ಹುಟ್ಟಿದ್ದು ಯುರೋಪಿನ ಚಳಿಯ ಮನೆಗಳಲ್ಲಿ, ನಮ್ಮ ಏಪ್ರಿಲ್‌ನಲ್ಲಲ್ಲ.